ಅವ್ವನ ಫೋನಿಗೆ ಮಗನ ಬೆರಳು

ಕಂಠಪ್ಪನ ಮನೆಯಲ್ಲಿ ಫೋನುಗಳು ಅಣ್ಣನ ಅಂಗಿ ತಮ್ಮನಿಗೆ ಬರುವ ಹಾಗೆ ಮೇಲಿನಿಂದ ಕೆಳಕ್ಕೆ ಇಳಿಯುತ್ತಿದ್ದವು. ಹೊಸದು ಯಾವುದೇ ಇರಲಿ, ಮೊದಲು ಮಗ ವಿರೂಪಾಕ್ಷನ ಜೇಬಿಗೆ. ಅದಕ್ಕೆ ಎರಡು ವರ್ಷ ವಯಸ್ಸಾಗಿ, ಬ್ಯಾಟರಿ ಮಧ್ಯಾಹ್ನಕ್ಕೇ ಮಲಗತೊಡಗಿದ ಮೇಲೆ ಅವನ ಹೆಂಡತಿ ಮಧುಶ್ರೀಯ ಕೈಗೆ. ಅತ್ತೆ ಮಂಗಳಗೌರಿಯ ಸರದಿ ಎಲ್ಲರಿಗಿಂತ ಕೆಳಗೆ. ಅಲ್ಲಿಯ ತನಕ ಟಚ್ ಫೋನು ಯಾವತ್ತೂ ಇಳಿದು ಬಂದದ್ದಿಲ್ಲ. ಆಕೆಯದು ಗುಂಡಿ ಒತ್ತುವ ಫೋನು. ಬೆನ್ನಿನ ಮುಚ್ಚಳ ಎಲ್ಲೋ ಬಿದ್ದುಹೋಗಿ ರಬ್ಬರ್ ಬ್ಯಾಂಡಿನ ಮೇಲೆ ಜೀವ ಹಿಡಿದುಕೊಂಡಿತ್ತು.

ಮಧುಶ್ರೀ ಈ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷ. ಅವಳ ತವರು ಬಿಳಿಕೆರೆ. ಬಾಗಿಲು ತೆರೆದರೆ ಮೈಸೂರು ರಸ್ತೆ, ದಿನಪೂರ್ತಿ ಬಸ್ಸಿನ ಸದ್ದು. ಕಂಪಲಾಪುರದ ಪಕ್ಕದ ಈ ಹಳ್ಳಿಗೆ ಬಂದಾಗ ಇಲ್ಲಿ ಕೇಳಿಸಿದ್ದು ಹೊಗೆಸೊಪ್ಪಿನ ಮಾತೊಂದೇ. ಹೊಗೆಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್ನಿಗೆ, ಅಂದರೆ ಬಿಸಿಗಾಳಿಯ ಗೂಡಿಗೆ, ಏರಿಸಿ ಬೇಯಿಸುವುದು. ಹಸಿ ಸೊಪ್ಪು ಕಟ್ಟುವ ಹೆಂಗಸರ ಕೈಗೆ ಅಂಟು ಮೆತ್ತಿಕೊಂಡು ವಾರದೊಳಗೆ ಬೆರಳುಗಳು ಡಾಂಬರು ಬಳಿದಂತೆ ಕಪ್ಪಾಗುತ್ತವೆ. ಮೊದಲ ವರ್ಷ ಮಧುಶ್ರೀಯೂ ಸೀರೆ ಎತ್ತಿ ಕಟ್ಟಿ ಕೂರಲು ಹೋದಾಗ ಮಂಗಳಗೌರಿ ಅವಳ ಕೈ ಹಿಡಿದು ಎಬ್ಬಿಸಿದ್ದರು. "ನೀನು ಅಡುಗೆ ನೋಡ್ಕೊ ಮಗ. ನನ್ನ ಕೈಯಂತೂ ಕೆಟ್ಟೋಯ್ತು, ನಿಂದ್ಯಾಕೆ ಕೆಡಬೇಕು" ಅಂದಿದ್ದರು. ಆ ಮಾತು ಮಧುಶ್ರೀಗೆ ನೆನಪಿತ್ತು. ನೆನಪಿದ್ದರೆ ಆಯಿತೇ?

ಮಂಗಳಗೌರಿ ಆ ಮುರುಕಲು ಫೋನಿನಲ್ಲಿ ಮಾತಾಡುತ್ತಿದ್ದದ್ದು ಒಬ್ಬರ ಜೊತೆ ಮಾತ್ರ, ಹಂಪಾಪುರಕ್ಕೆ ಕೊಟ್ಟಿದ್ದ ಅಕ್ಕ ಗುರುಶಾಂತಮ್ಮನ ಜೊತೆ. ದಿನಾ ನಾಲ್ಕು ಗಂಟೆಗೆ, ಹಿತ್ತಲ ಕಲ್ಲಿನ ಮೇಲೆ ಕೂತು, ಹತ್ತು ನಿಮಿಷ. ಏನು ಸಾರು, ಯಾರು ಬಂದಿದ್ದರು, ಹಸು ಎಷ್ಟು ಕರೆಯಿತು. ಹಸುವಿನ ಮಾತು ತಪ್ಪುತ್ತಲೇ ಇರಲಿಲ್ಲ, ಏಕೆಂದರೆ ಮಂಗಳಗೌರಿಯ ಹಸು, ಅದು ಕರುವಾಗಿದ್ದಾಗ ಅಕ್ಕ ಕೊಟ್ಟು ಕಳಿಸಿದ್ದು.

ಆಷಾಢದಲ್ಲಿ ಗುರುಶಾಂತಮ್ಮನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದವು, ಬಾಯಿ ನಿಂತಿತು. ಮಂಗಳಗೌರಿ ಒಂದು ದಿನದ ಮಟ್ಟಿಗೆ ಹೋಗಿ ನೋಡಿಕೊಂಡು ಬಂದರು. ಹುಣಸೂರಿಗೆ ಒಂದು ಬಸ್ಸು, ಅಲ್ಲಿಂದ ಎಚ್.ಡಿ. ಕೋಟೆಗೆ ಒಂದು, ಅಲ್ಲಿಂದ ಹಂಪಾಪುರಕ್ಕೆ ಇನ್ನೊಂದು. ಹೆಂಗಸರಿಗೆ ಬಸ್ಸೇನೋ ಪುಕ್ಕಟೆ, ಆದರೆ ದಿನ ಯಾರು ಪುಕ್ಕಟೆ ಕೊಡುತ್ತಾರೆ? ಅಷ್ಟರಲ್ಲಿ ಸೊಪ್ಪು ಮುರಿಯುವ ಕಾಲ ಬಂತು. ಅಲ್ಲಿಂದ ಮುಂದೆ ಆಕೆ ನಾಲ್ಕು ಗಂಟೆಗೆ ಫೋನು ಹಚ್ಚುತ್ತಿದ್ದರು, ಆ ಕಡೆ ಅಕ್ಕನ ಸೊಸೆ ರೂಪಶ್ರೀ ತನ್ನ ಫೋನನ್ನು ಅತ್ತೆಯ ಕಿವಿಗೆ ಹಿಡಿಯುತ್ತಿದ್ದಳು. ಮಂಗಳಗೌರಿ ಒಬ್ಬರೇ ಮಾತಾಡಬೇಕು. ಆ ಕಡೆಯಿಂದ ಬರುತ್ತಿದ್ದದ್ದು ಬರೀ ಉಸಿರು.

ಒಂದು ದಿನ ರೂಪಶ್ರೀಯೇ ಉಪಾಯ ಹೇಳಿದಳು. ಅತ್ತೆಗೆ ಬಾಯಿ ಬರುವುದಿಲ್ಲ, ಆದರೆ ಎಡಗೈ ಚೆನ್ನಾಗಿ ಆಡುತ್ತದೆ, ಮುಖ ಕಂಡರೆ ಕೈಸನ್ನೆಯಲ್ಲೇ ಎಲ್ಲ ಹೇಳುತ್ತಾರೆ, ವಿಡಿಯೋ ಕಾಲ್ ಇರುವ ಫೋನು ತಗೊಳ್ಳಿ ಅಂತ.

ಅವತ್ತು ರಾತ್ರಿ ಮುದ್ದೆ, ಅಲಸಂದೆ ಕಾಳಿನ ಸಾರು ಬಡಿಸುತ್ತಾ ಮಂಗಳಗೌರಿ ವಿಷಯ ತೆಗೆದರು. ಯಾರ ಹತ್ತಿರವೂ ಕೈ ಚಾಚುವುದಿಲ್ಲ, ಪಡ್ಡೆ ಕರುವನ್ನು ಮಾರಿ ಫೋನು ತಗೊಳ್ಳುತ್ತೇನೆ ಅಂದರು. ಅದು ಅಕ್ಕ ಕೊಟ್ಟ ಹಸುವಿನದೇ ಕರು. ಕಂಠಪ್ಪ ತುತ್ತು ನುಂಗಿ, ಅರವತ್ತಕ್ಕೆ ನಾಲ್ಕು ಕಮ್ಮಿಯಾದವಳಿಗೆ ಟಚ್ ಫೋನಿನ ಚಪಲ ಬಂತಲ್ಲ ಎಂದು ನಕ್ಕ. ಆಕೆ ನಗಲಿಲ್ಲ.

"ಅಕ್ಕನ ಮುಖ ದೊಡ್ಡದಾಗಿ ಕಾಣ್ಬೇಕು. ಅಷ್ಟೇ ನಂಗೆ ಬೇಕಾಗಿರೋದು" ಅಂದರು.

ಅಷ್ಟು ಸಣ್ಣ ಮಾತಿಗೆ ಆ ಮನೆ ಐದು ವಾರ ತೆಗೆದುಕೊಂಡಿತು. ಕರು ನಾಲ್ಕೇ ದಿನದಲ್ಲಿ ಹದಿನೆಂಟು ಸಾವಿರಕ್ಕೆ ಹೋಯಿತು, ಫೋನು ಮಾತ್ರ ಬರಲಿಲ್ಲ. ಕಂಪಲಾಪುರದ ಅಂಗಡಿಯಲ್ಲಿ ಒಂಬತ್ತು ಸಾವಿರಕ್ಕೆ ಒಂದು ಇತ್ತು. ಮುಖ ತೋರಿಸಲು ಅದು ಧಾರಾಳ ಸಾಕಾಗುತ್ತಿತ್ತು, ಮಧುಶ್ರೀಯೇ ಹೋಗಿ ನೋಡಿ ಬಂದಿದ್ದಳು. ವಿರೂಪಾಕ್ಷ ಬಿಡಲಿಲ್ಲ. ಅಗ್ಗದ್ದು ಆರು ತಿಂಗಳಿಗೆ ಹ್ಯಾಂಗ್ ಆಗುತ್ತದೆ ಅಂದ. ಊಟದ ತಟ್ಟೆಯ ಪಕ್ಕದಲ್ಲೇ ಫೋನು ಒರಗಿಸಿಕೊಂಡು, ಯಾರೋ ಹುಡುಗರು ಹೊಸ ಫೋನಿನ ಡಬ್ಬಿ ಒಡೆದು ವಿವರಿಸುವ ವಿಡಿಯೋಗಳನ್ನು ನೋಡಿದ. ಇವತ್ತು ಬ್ಯಾಟರಿ ದೊಡ್ಡದಿರಬೇಕು ಅಂದವನು ನಾಳೆ ಕ್ಯಾಮೆರಾ ಮುಖ್ಯ ಅನ್ನುತ್ತಿದ್ದ. ಗೌರಿ ಹಬ್ಬಕ್ಕೆ ಆಫರ್ ಬರುತ್ತದೆ, ತಡಿ ಅಂದ. ಎರಡು ಸಿಮ್ ಇರಲೇಬೇಕು ಅಂತ ಒಂದು ಬೆಳಿಗ್ಗೆ ಹಟ ಹಿಡಿದ.

"ನನ್ನತ್ರ ಇರೋದು ಒಂದೇ ಸಿಮ್ಮು ಕಣ್ಲಾ. ಇನ್ನೊಂದ್ಯಾಕೆ?" ಎಂದು ಮಂಗಳಗೌರಿ ಕೇಳಿದರು.

"ಇರ್ಲಿ ಬುಡವ್ವ, ಮುಂದುಕ್ಕೆ ಆಯ್ತದೆ."

ಮುಂದಕ್ಕೆ ಏನಾಗುತ್ತದೆ ಎಂಬುದು ಮಧುಶ್ರೀಗೆ ಆ ರಾತ್ರಿಯೇ ಗೊತ್ತಾಯಿತು. ಅವಳ ಫೋನಿನ ಗಾಜು ಮೂಲೆಯಿಂದ ಮೂಲೆಗೆ ಸೀಳಿತ್ತು. ತವರಿಗೆ ವಿಡಿಯೋ ಕಾಲ್ ಮಾಡಿದರೆ ಅಮ್ಮನ ಮುಖ ಎರಡು ಹೋಳಾಗಿ ಕಾಣುತ್ತಿತ್ತು. ಬೆರಳಿಗೆ ಗಾಜಿನ ಚೂರು ಹತ್ತಿ ರಕ್ತ ಬಂದದ್ದೂ ಉಂಟು. ಚಾಪೆಯ ಮೇಲೆ ಮಲಗಿ ವಿರೂಪಾಕ್ಷ ಮೆಲ್ಲಗೆ ಹೇಳಿದ: "ಅವ್ವಂದು ಒಂದ್ಸಲ ಬರ್ಲಿ. ಅದಕ್ಕೆ ಅಷ್ಟ್ ದೊಡ್ಡ ಫೋನ್ ಎಲ್ಲಿ ಬಳಸೋಕ್ ಬತ್ತದೆ. ಅದು ನನ್ನತ್ರ ಇರ್ಲಿ, ನಂದು ನಿಂಗೆ."

ಛೀ ಅನ್ನಬೇಕಿತ್ತು. ಮಧುಶ್ರೀ ಮಗ್ಗುಲು ಬದಲಿಸಿ ಮಲಗಿದಳು. ಅವನ ಫೋನಿನ ಗಾಜು ಒಂದು ಗೀರೂ ಇಲ್ಲದೆ ಚೆನ್ನಾಗಿತ್ತು.

ಗೌರಿ ಗಣೇಶ ಹಬ್ಬ ಮುಗಿದ ಮಾರನೆಯ ದಿನ ಅವ್ವ, ಮಗ, ಸೊಸೆ ಮೂವರೂ ಹುಣಸೂರು ಪೇಟೆಗೆ ಹೋದರು. ಮಂಗಳಗೌರಿ ಬೆಳಗಿನಿಂದ ನಲವತ್ತು ಕಡ್ಡಿ ಸೊಪ್ಪು ಕಟ್ಟಿ, ಅವಸರದಲ್ಲಿ ಕೈ ತೊಳೆದು, ಹಣೆಗೆ ವಿಭೂತಿ ಇಟ್ಟು, ಮದುವೆ ಮನೆಗೆ ಹೊರಟವರ ಹಾಗೆ ರೇಷ್ಮೆ ಅಂಚಿನ ಸೀರೆ ಉಟ್ಟು ಬಂದಿದ್ದರು. ಅಂಗಡಿಯಲ್ಲಿ ಆಕೆಯನ್ನು ಯಾರೂ ಏನೂ ಕೇಳಲಿಲ್ಲ. ವಿರೂಪಾಕ್ಷ ತೋರಿಸಿದ, ಅಂಗಡಿಯವನು ತೆಗೆದ, ಹದಿನೇಳೂವರೆ ಸಾವಿರದ ನೀಲಿ ಫೋನು ಮೇಜಿನ ಮೇಲೆ ಬಂತು. ಗುಂಡಿ ಫೋನನ್ನು ಬದಲಿಗೆ ತೆಗೆದುಕೊಳ್ಳುತ್ತೀರಾ ಎಂದು ಮಂಗಳಗೌರಿ ಕೇಳಿದ್ದಕ್ಕೆ ಅಂಗಡಿಯವನು ರಬ್ಬರ್ ಬ್ಯಾಂಡ್ ನೋಡಿ ನಕ್ಕು, ಅದರ ಸಿಮ್ಮನ್ನು ನೀಲಿ ಫೋನಿಗೆ ಹಾಕಿ, ಖಾಲಿ ಫೋನು ವಾಪಸು ಕೊಟ್ಟ.

ಆಮೇಲೆ ಫೋನಿಗೆ ಬೀಗ ಹಾಕುವ ಕೆಲಸ. ಹೆಬ್ಬೆರಳು ಇಡಮ್ಮ ಅಂದ ಅಂಗಡಿಯವನು. ಆಕೆ ಇಟ್ಟರು. ಫೋನು ಒಪ್ಪಲಿಲ್ಲ. ಬಟ್ಟೆಯಿಂದ ಒರೆಸಿ ಇಟ್ಟರು, ತೋರುಬೆರಳು ಇಟ್ಟರು, ಎಡಗೈ ಇಟ್ಟರು. ಬೆರಳು ಗುರುತು ಸಿಗುತ್ತಿಲ್ಲ, ಮತ್ತೆ ಪ್ರಯತ್ನಿಸಿ ಎಂದು ಫೋನು ಪ್ರತಿಸಲವೂ ಬರೆದು ತೋರಿಸಿತು. ಮೂವತ್ತು ವರ್ಷದ ಸೊಪ್ಪಿನ ಅಂಟು ಗೆರೆಗಳನ್ನೆಲ್ಲ ತುಂಬಿಬಿಟ್ಟಿತ್ತು.

"ಬೆಳ್ಳು ಬ್ಯಾಡದಿದ್ರೆ ನಂಬರ್ ಹಾಕ್ಬೋದಲ್ವೇನಪ್ಪಾ" ಎಂದು ಮಂಗಳಗೌರಿಯೇ ಕೇಳಿದರು. "ನಂಬರ್ ನಂಗೆ ಬತ್ತದೆ. ಅಕ್ಕಂದು ಹತ್ತು ನಂಬರೂ ಬಾಯಲ್ಲೇ ಅದೆ."

ಅಂಗಡಿಯವನು ಹೂಂ ಅನ್ನುವಷ್ಟರಲ್ಲಿ ವಿರೂಪಾಕ್ಷ ಫೋನು ಎತ್ತಿಕೊಂಡ. "ಅದೆಲ್ಲ ಯಾಕವ್ವ, ಮರ್ತೋದ್ರೆ ಫೋನೇ ಕೆಟ್ಟೋಯ್ತದೆ. ಕೊಡಿಲ್ಲಿ, ನನ್ನ ಬೆಳ್ಳು ಹಾಕ್ಕೊಡ್ತೀನಿ" ಅಂದ.

ಮಂಗಳಗೌರಿ ಸೊಸೆಯ ಮುಖ ನೋಡಿದರು. ನಾಲ್ಕು ಅಂಕಿ ಹಾಕಿದರೂ ಅದೇ ಬಾಗಿಲು ತೆರೆಯುತ್ತದೆ ಎನ್ನುವುದು ಬಿ.ಕಾಂ. ಓದಿದ ಮಧುಶ್ರೀಗೆ ಗೊತ್ತಿಲ್ಲದ್ದಲ್ಲ. ಅವಳು ಗಾಜಿನ ಕಪಾಟಿನಲ್ಲಿದ್ದ ಫೋನಿನ ಕವರುಗಳನ್ನು ನೋಡುತ್ತಾ ನಿಂತಳು.

ಮೊದಲ ವಾರ ಎಲ್ಲ ಚೆನ್ನಾಗಿಯೇ ನಡೆಯಿತು. ನಾಲ್ಕು ಗಂಟೆಗೆ ವಿರೂಪಾಕ್ಷ ಎಲ್ಲಿದ್ದರೂ ಬಂದು ಬೆರಳೊತ್ತಿ ಕೊಡುತ್ತಿದ್ದ. ಮೊದಲ ದಿನ ಅಕ್ಕನ ಮುಖ ಪರದೆಯ ತುಂಬ ಮೂಡಿದಾಗ ಮಂಗಳಗೌರಿ ಸೆರಗಿನಿಂದ ಪರದೆ ಒರೆಸಿ ಇನ್ನೂ ಹತ್ತಿರ ಹಿಡಿದುಕೊಂಡರು. ಬಾಯಿ ಒಂದು ಕಡೆ ವಾಲಿತ್ತು, ಆದರೆ ಕಣ್ಣು ಅದೇ ಕಣ್ಣು. ಗುರುಶಾಂತಮ್ಮ ಎಡಗೈಯ ಬೆರಳುಗಳನ್ನು ಕೂಡಿಸಿ ಬಾಯಿಗೆ ಒಯ್ದು ತೋರಿಸಿದರು, ಉಂಡೆಯಾ? ಉಂಡೆ ಅಕ್ಕ, ಸೊಪ್ಪಿನ ಸಾರು ಅಂದರು ಇವರು. ಆಮೇಲೆ ಆಕೆ ಎರಡು ಬೆರಳನ್ನು ಹಣೆಯ ಮೇಲೆ ಕೊಂಬಿನ ಹಾಗೆ ನಿಲ್ಲಿಸಿ, ಅಂಗೈಯನ್ನು ನೆಲದಿಂದ ಇಷ್ಟೆತ್ತರ ಹಿಡಿದರು. ಕರು ಹೇಗಿದೆ ಅಂತ.

"ಚೆನ್ನಾಗದೆ ಅಕ್ಕ. ಬೆಳೀತಾ ಅದೆ" ಅಂದರು ಮಂಗಳಗೌರಿ, ಖಾಲಿ ಗೂಟದ ಕಡೆ ಬೆನ್ನು ಮಾಡಿ ಕೂತು.

ಅವತ್ತು ರಾತ್ರಿ ಆಕೆ ಸೊಸೆಗೆ ಒಂದು ಮುದ್ದೆ ಜಾಸ್ತಿ ಬಡಿಸಿದರು, ನೀನು ಹುಣಸೂರಿನ ತನಕ ಬಂದು ನಿಂತೆ ಅಂತ. ಮಧುಶ್ರೀ ಅದನ್ನೂ ತಿಂದಳು.

ಎರಡನೇ ವಾರ ವಿರೂಪಾಕ್ಷ ಬೆಂದ ಸೊಪ್ಪಿನ ಬಣ್ಣವನ್ನು ಕೊಳ್ಳುವವರಿಗೆ ತೋರಿಸಲು ಒಳ್ಳೆಯ ಕ್ಯಾಮೆರಾ ಬೇಕು ಎಂದು ಒಂದು ಬೆಳಿಗ್ಗೆ ಫೋನು ಒಯ್ದ. ಮಾರನೆಯ ದಿನವೂ ಒಯ್ದ. ಇನ್ನೇನು ಕಂಪಲಾಪುರದಲ್ಲಿ ಸೊಪ್ಪಿನ ಹರಾಜು ಶುರುವಾಗುತ್ತದೆ, ಮೆಸೇಜು ನೋಡುತ್ತಿರಬೇಕು ಅಂದ. ಮೂರನೆಯ ದಿನ ತನ್ನ ಸಿಮ್ಮನ್ನು ಎರಡನೇ ಮನೆಯಲ್ಲಿ ತೂರಿಸಿದ. ಅವ್ವನ ಸಿಮ್ಮು ಮೊದಲನೆಯದರಲ್ಲಿ ಹಾಗೆಯೇ ಇತ್ತು, ಅದಕ್ಕೇನೂ ಅನ್ಯಾಯ ಮಾಡಿರಲಿಲ್ಲವಂತೆ. ಮಾತು ಕೊಟ್ಟಂತೆ ಅವನ ಹಳೆಯ ಫೋನು ಮಧುಶ್ರೀಗೆ ಬಂತು. ಅದರ ಬೀಗದ ನಾಲ್ಕು ಅಂಕಿ ಅವನಲ್ಲೇ ಉಳಿಯಿತು, ಅವಳು ಕೇಳಲೂ ಇಲ್ಲ. ಅವನ ಬೆರಳಿನ ಜೊತೆಗೆ ತನ್ನ ಹೆಬ್ಬೆರಳನ್ನೂ ಒತ್ತಿದಳು, ಅದು ಒಂದೇ ಸಲಕ್ಕೆ ಗುರುತು ಹಿಡಿಯಿತು. ತವರಿಗೆ ವಿಡಿಯೋ ಕಾಲ್ ಮಾಡಿದಳು, ಅಮ್ಮನ ಮುಖ ಇಡಿಯಾಗಿ ಕಂಡಿತು.

ನಾಲ್ಕು ಗಂಟೆಗೆ ಮಂಗಳಗೌರಿ ಹಿತ್ತಲ ಕಲ್ಲಿನ ಮೇಲೆ ಬಂದು ಕೂರುತ್ತಿದ್ದರು. ಐದಾದ ಮೇಲೆ ಎದ್ದು ಹಸು ಕರೆಯಲು ಹೋಗುತ್ತಿದ್ದರು. ರಾತ್ರಿ ಮಗ ಬಂದರೆ, ಇವತ್ತು ಹಂಪಾಪುರದವರು ಮಾಡಿದ್ದರಾ ಎಂದು ಕೇಳುವುದು. ಇಲ್ಲ ಎಂದು ಅವನು ಹೇಳುವುದು.

"ಅವ್ರೇ ಮಾಡ್ತಿಲ್ಲ ಕಣವ್ವ. ಅಲ್ಲಿ ನೆಟ್‌ವರ್ಕ್ ಇಲ್ವೇನೊ."

"ನಾವೇ ಹಚ್ಚಾನ ತಗಿ."

"ಈಗ ಮಲಗಿರ್ತಾರೆ. ನಾಳೆ ನೋಡಾನ ಬುಡು."

ಒಂದು ದಿನ ಅವನು ಸ್ನಾನಕ್ಕೆ ಹೋದಾಗ ನೀಲಿ ಫೋನು ಕಿಟಕಿಯ ಮೇಲೆ ಮಿನುಗಿತು. ಮಧುಶ್ರೀ ಎತ್ತಿ ನೋಡಿದಳು. ಬೀಗ ಹಾಕಿದ್ದರೂ ಪರದೆಯ ಮೇಲೆ ಕಾಣುವಷ್ಟು ಕಾಣುತ್ತಿತ್ತು. ರೂಪಶ್ರೀ, ವಿಡಿಯೋ ಕಾಲ್, ಉತ್ತರಿಸಿಲ್ಲ. ಹನ್ನೊಂದು ಸಲ. ಎಲ್ಲವೂ ನಾಲ್ಕರಿಂದ ನಾಲ್ಕೂವರೆಯೊಳಗೆ.

ವಿರೂಪಾಕ್ಷ ತಲೆ ಒರೆಸುತ್ತಾ ಬಂದವನು ಅವಳ ಮುಖ ನೋಡಿಯೇ ಅರ್ಥ ಮಾಡಿಕೊಂಡ. ಅವನೇನು ರಾಕ್ಷಸನಲ್ಲ, ಮುಖ ಸಣ್ಣದು ಮಾಡಿಕೊಂಡೇ ಹೇಳಿದ. ಟೀ ಅಂಗಡಿಯಲ್ಲಿ ನಾಲ್ಕು ಜನರ ನಡುವೆ ಕೂತಿರುವಾಗ ದೊಡ್ಡಮ್ಮನ ವಕ್ರ ಬಾಯಿ ತೆರೆದುಕೊಂಡು ಕೂರುವುದು ಹೇಗೆ? ಅವ್ವನಿಗೆ ಗೊತ್ತಾದರೆ ದಿನಾ ನಾಲ್ಕು ಗಂಟೆಗೆ ಗೂಟಕ್ಕೆ ಕಟ್ಟಿದ ಹಾಗೆ ಮನೆಯಲ್ಲಿ ಇರಬೇಕಾಗುತ್ತದೆ. ಈ ಬ್ಯಾರನ್ ಮುಗಿಯಲಿ, ಆಮೇಲೆ ಅವ್ವನಿಗೇ ಕೊಟ್ಟುಬಿಡುತ್ತೇನೆ.

"ಏಳ್ಬ್ಯಾಡ ಕಣೆ. ಸುಮ್ನೆ ಬೇಜಾರ್ ಮಾಡ್ಕತದೆ" ಅಂದ.

ಮಧುಶ್ರೀ ಹೇಳಲಿಲ್ಲ. ಹೇಳದೆ ಇರುವುದಕ್ಕೆ ಅವಳಿಗೆ ಸಿಕ್ಕಿದ ಬೆಲೆ ಒಂದು ಸರಿಯಾದ ಗಾಜು, ಅಷ್ಟೇ. ಅದು ಅವಳಿಗೂ ಗೊತ್ತಿತ್ತು. ಅವತ್ತು ಸಂಜೆಯೂ ಅತ್ತೆ ಕಲ್ಲಿನ ಮೇಲೆ ಕೂತಿದ್ದನ್ನು ಅಡುಗೆಮನೆಯ ಕಿಂಡಿಯಿಂದ ನೋಡಿ, ಖಾರ ಅರೆಯಲು ಮಿಕ್ಸಿ ಹಾಕಿದಳು.

ಹೊರಗೆ ಬಂದದ್ದು ಕೂಲಿಗೆ ಬರುತ್ತಿದ್ದ ಮರಮ್ಮನ ಬಾಯಿಂದ. ಅವತ್ತು ಎಂಟು ಕೂಲಿ ಹೆಂಗಸರ ಜೊತೆ ಮಂಗಳಗೌರಿ ಜಗುಲಿಯಲ್ಲಿ ಸೊಪ್ಪು ಕಟ್ಟುತ್ತಿದ್ದರು. ಸಂಜೆಯೊಳಗೆ ಬ್ಯಾರನ್ ತುಂಬಬೇಕು, ಇಲ್ಲದಿದ್ದರೆ ಮುರಿದ ಸೊಪ್ಪು ಬಾಡಿಹೋಗುತ್ತದೆ. ಮರಮ್ಮ ಹಂಪಾಪುರದಲ್ಲಿ ನಾದಿನಿಯ ಮನೆಯ ನಾಮಕರಣ ಮುಗಿಸಿಕೊಂಡು ಹಿಂದಿನ ದಿನ ತಾನೇ ಬಂದಿದ್ದಳು. ಕಡ್ಡಿಯ ಮೇಲೆ ದಾರ ಸುತ್ತುತ್ತಾ, ಕಣ್ಣೆತ್ತದೆ ಹೇಳಿದಳು.

"ನಿಮ್ಮಕ್ಕನ್ನ ನೋಡ್ದೆ ಕಣವ್ವ. ಮೂರೂವರೆಗೇ ತಲೆ ಬಾಚಿಸ್ಕಂಡು ಹೂ ಮುಡ್ಸ್ಕಂಡು ಫೋನ್ ಮುಂದೆ ಕೂತ್ಕತದೆ. ಆ ಸೊಸೆ ಒತ್ತೇ ಒತ್ತಾಳೆ, ನೀವು ಎತ್ತಕಿಲ್ವಂತೆ. ಆಮೇಲೆ ಆ ಯಮ್ಮ ಎರಡು ಬೆಳ್ಳು ಇಂಗೆ ಕೊಂಬು ಮಾಡಿ ನನ್ನ ಕೇಳ್ತು. ಕರು ಮಾರವ್ರೆ ಕಣವ್ವ, ಫೋನ್ ತಗೊಳ್ಳಾಕೆ ಅಂದೆ. ಏಳ್ಬಾರ್ದಿತ್ತಾ?"

ಮಂಗಳಗೌರಿಯ ಕೈ ನಿಂತಿತು. ಅರ್ಧ ಕಟ್ಟಿದ ಕಡ್ಡಿಯನ್ನು ಗೋಡೆಗೆ ಒರಗಿಸಿದರು. ಊಟಕ್ಕೆ ಕರೆಯಲು ಬಂದು ಬಾಗಿಲಲ್ಲಿ ನಿಂತಿದ್ದ ಮಧುಶ್ರೀಯನ್ನು ನೋಡಿದರು.

"ನಿಂಗೆ ಗೊತ್ತಿತ್ತಾ ಮಗ?"

ಮಧುಶ್ರೀ ಸೆರಗಿಗೆ ಕೈ ಒರೆಸಿಕೊಂಡಳು, ಒದ್ದೆಯಿಲ್ಲದ ಕೈಯನ್ನು. ಅತ್ತೆ ಮತ್ತೆ ಕೇಳಲಿಲ್ಲ. ಬೈದಿದ್ದರೆ ಎಷ್ಟೋ ಮೇಲಿತ್ತು.

ಆಕೆ ಹಿತ್ತಲಿಗೆ ಹೋಗಿ ಹುಣಸೆಹಣ್ಣು ಹಾಕಿ ಕೈ ತಿಕ್ಕಿದರು. ಅಂಟು ಹೋಯಿತು, ಕಪ್ಪು ಹೋಗಲಿಲ್ಲ. ಎರಡು ಸೀರೆ ಚೀಲಕ್ಕೆ ಹಾಕಿಕೊಂಡರು, ವಿಭೂತಿ ಉಂಡೆ ಸೆರಗಿಗೆ ಕಟ್ಟಿಕೊಂಡರು. ಹೊಸ್ತಿಲು ದಾಟುವಾಗ, ಹಸುವಿಗೆ ನೀರು ತೋರಿಸು ಎಂದು ಮಾತ್ರ ಹೇಳಿದರು. ಹನ್ನೆರಡೂವರೆಯ ಹುಣಸೂರು ಬಸ್ಸಿನ ಹಾರನ್ನು ಕೇಳಿಸಿದಾಗಲೂ ಮಧುಶ್ರೀ ಬಾಗಿಲಲ್ಲೇ ಇದ್ದಳು.

ಒಂದು ಗಂಟೆಗೆ ಅಪ್ಪ ಮಗ ಹೊಲದಿಂದ ಬಂದರು. ಕೂಲಿ ಹೆಂಗಸರು ಜಗುಲಿಯ ಉದ್ದಕ್ಕೆ ಊಟಕ್ಕೆ ಕೂತಿದ್ದರು. ಅರ್ಧ ರಾಶಿ ಸೊಪ್ಪು ಹಾಗೆಯೇ ಬಿದ್ದಿತ್ತು. ಕಂಠಪ್ಪ ಹೆಂಡತಿ ಎಲ್ಲಿ ಎಂದು ಕೇಳಿದ. ಹಂಪಾಪುರಕ್ಕೆ ಎಂದು ಮಧುಶ್ರೀ ಹೇಳಿದಳು. ಅವನ ಕೋಪ ನೆತ್ತಿಗೇರಿತು. ಬ್ಯಾರನ್ ಹೊಟ್ಟೆ ಖಾಲಿ ಇಟ್ಟುಕೊಂಡು ಕೂತಿದೆ, ಇವತ್ತೇ ಆಗಬೇಕಿತ್ತಾ ಅವಳ ಅಕ್ಕನ ಪ್ರೇಮ, ಹುಣಸೂರು ದಾಟಿರಲಿಕ್ಕಿಲ್ಲ, ವಾಪಸು ಬರಲು ಹೇಳಬೇಕು ಎಂದು ಕೂಗಾಡಿದ.

"ಫೋನ್ ಹಚ್ಚವ್ವ ನಿಮ್ಮತ್ತೆಗೆ" ಅಂದ.

ವಿರೂಪಾಕ್ಷ ಕೈ ತೊಳೆಯುತ್ತಿದ್ದವನು ತಿರುಗಿ ನೋಡಿದ. ಬೇಡ ಎಂದು ಕಣ್ಣಿನಲ್ಲೇ ಹೇಳಿದ. ಮಧುಶ್ರೀ ಮಡಿಲಲ್ಲಿದ್ದ ಫೋನು ತೆಗೆದಳು. ಅವಳಿಗೆ ಅದು ಎಲ್ಲಿ ಬಡಿದುಕೊಳ್ಳುತ್ತದೆ ಎಂದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹೆಬ್ಬೆರಳಿಟ್ಟು ತೆರೆದಳು, ಅತ್ತೆಯ ಹೆಸರು ಒತ್ತಿದಳು.

ವಿರೂಪಾಕ್ಷನ ಅಂಗಿಯ ಜೇಬಿನಲ್ಲಿ ಫೋನು ಹಾಡತೊಡಗಿತು. ಕಂಠಪ್ಪ ಮೊದಲು ಮಗನ ಜೇಬನ್ನು, ಆಮೇಲೆ ಸೊಸೆಯ ಕೈಯನ್ನು ನೋಡಿದ. ಎಂಟು ಹೆಂಗಸರು ತುತ್ತು ಹಿಡಿದುಕೊಂಡು ಹಾಗೆಯೇ ಕೂತರು. ಹಾಡು ಮುಗಿಯುವ ತನಕ ಅವನು ತೆಗೆಯಲಿಲ್ಲ, ಅವಳು ನಿಲ್ಲಿಸಲಿಲ್ಲ.

"ಎತ್ತಪ್ಪ, ನಿಮ್ಮವ್ವನ ಫೋನು" ಅಂದಳು ಮರಮ್ಮ.

ಮಂಗಳಗೌರಿ ಅವತ್ತು ಬರಲಿಲ್ಲ, ಮಾರನೆಯ ದಿನವೂ ಬರಲಿಲ್ಲ. ವಿರೂಪಾಕ್ಷ ನೀಲಿ ಫೋನಿನಿಂದ ರೂಪಶ್ರೀಗೆ ಹಚ್ಚಿದ. ನಾಲ್ಕು ಸಲ ಹಚ್ಚಿದರೂ ಅಲ್ಲಿ ಯಾರೂ ಎತ್ತಲಿಲ್ಲ. ಸೊಪ್ಪು ಮಾತ್ರ ಯಾರಿಗೂ ಕಾಯುವುದಿಲ್ಲ. ಕಂಠಪ್ಪ ಸೊಸೆಯನ್ನು ಜಗುಲಿಗೆ ಕರೆದು, ಕಡ್ಡಿ ಕೈಗೆ ಕೊಟ್ಟು, ಅತ್ತೆ ಕೂರುತ್ತಿದ್ದ ಜಾಗ ತೋರಿಸಿದ. ಬೇಡ ಎಂದು ಕೈ ಹಿಡಿದು ಎಬ್ಬಿಸುವವರು ಈಗ ಮನೆಯಲ್ಲಿ ಇರಲಿಲ್ಲ.

ಐದನೆಯ ದಿನ ಸಂಜೆ ನಾಲ್ಕಕ್ಕೆ ಮಧುಶ್ರೀ ಎದ್ದು ಹಿತ್ತಲ ಕಲ್ಲಿನ ಮೇಲೆ ಹೋಗಿ ಕೂತಳು. ಅತ್ತೆಯ ಹತ್ತಿರ ಮಾತಾಡಬೇಕು, ತಪ್ಪಾಯಿತು ಅನ್ನಬೇಕು, ಆಕೆ ಬೈಯುವುದನ್ನು ಕೇಳಿಸಿಕೊಳ್ಳಬೇಕು ಅನ್ನಿಸಿತ್ತು. ರೂಪಶ್ರೀಯ ನಂಬರು ಬರೆದಿಟ್ಟುಕೊಂಡಿದ್ದಳು. ಫೋನು ತೆಗೆದು ಹೆಬ್ಬೆರಳಿಟ್ಟಳು. ಬೆರಳು ಗುರುತು ಸಿಗುತ್ತಿಲ್ಲ ಅಂತು ಫೋನು. ಸೆರಗಿಗೆ ಉಜ್ಜಿ ಮತ್ತೆ ಇಟ್ಟಳು. ಮತ್ತೆ ಅದೇ ಮಾತು. ಬೆರಳು ಎತ್ತಿ ಬೆಳಕಿಗೆ ಹಿಡಿದಳು. ಗೆರೆಗಳ ನಡುವೆ ಕಪ್ಪು ಕೂತಿತ್ತು.

ಹಸುವಿಗೆ ಹುಲ್ಲು ಹಾಕುತ್ತಿದ್ದ ವಿರೂಪಾಕ್ಷ ಅವಳನ್ನೇ ನೋಡುತ್ತಿದ್ದ. ಹತ್ತಿರ ಬಂದು, ಪ್ರೀತಿಯಿಂದಲೇ ಕೈ ಚಾಚಿದ.

"ಕೊಡಿಲ್ಲಿ, ನನ್ನ ಬೆಳ್ಳು ಹಾಕ್ಕೊಡ್ತೀನಿ" ಅಂದ.